ಕೆಂಪು ದಾರ

“ನಿಮ್ಮ ಕಡೆ ಟ್ಯೂಬು ತುಂಬುವಾಗಲೇ ತಪ್ಪಾಗಿದೆ. ಎರಡನ್ನೂ ವರದಿಯಿಂದ ಕೈಬಿಡೋಣ,” ಎಂದ ಪರದೇಶದ ಲ್ಯಾಬಿನ ಮುಖ್ಯಸ್ಥ, ಪರದೆಯ ಮೇಲೆ. ಕರುವಿನ ರಕ್ತದಲ್ಲಿದ್ದ ವೈರಸ್ಸೇ ಅದನ್ನು ಸಾಕಿದ ಹೆಂಗಸಿನ ರಕ್ತದಲ್ಲೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಿಕ್ಕಿತ್ತು. ಎರಡೂ ಟ್ಯೂಬಿಗೆ ಕರುವಿನ ರಕ್ತವನ್ನೇ ತುಂಬಿದ್ದಾರೆ ಎಂಬುದು ಅವನ ವಾದ. ಕರೆಯಲ್ಲಿದ್ದ ಮೂರು ದೇಶದ ವಿಜ್ಞಾನಿಗಳೂ ಹೌದೆಂದು ತಲೆಯಾಡಿಸಿದರು.

ಹಳ್ಳಿಯಲ್ಲಿ ಎರಡೂ ರಕ್ತ ಸಂಗ್ರಹಿಸಿ ಕಳಿಸಿದ್ದ ಪಶುವೈದ್ಯೆ ಮಾತ್ರ ಒಪ್ಪಲಿಲ್ಲ. “ಫ್ರೀಜರಿಂದ ಆ ಎರಡು ಟ್ಯೂಬು ತಂದು ಕ್ಯಾಮೆರಾ ಮುಂದೆ ಹಿಡೀರಿ ಸಾರ್. ಮುಚ್ಚಳದ ಕೆಳಗೆ ಏನಿದೆ ನೋಡಿ.”

ಅವನು ಕೈಗವಸು ಹಾಕಿಕೊಂಡು ಹೋಗಿ ತಂದ. ಒಂದರ ಕುತ್ತಿಗೆಗೆ ಕೆಂಪು ದಾರ ಸುತ್ತಿತ್ತು, ಇನ್ನೊಂದು ಬೋಳಾಗಿತ್ತು. “ಐಸಿನಲ್ಲಿ ಚೀಟಿ ಕಿತ್ತುಹೋಗತ್ತೆ. ಅದಕ್ಕೇ ಪ್ರಾಣಿಗೆ ಸೂಜಿ ಚುಚ್ಚೋ ಮೊದಲೇ ಟ್ಯೂಬಿಗೆ ದಾರ ಕಟ್ತೀನಿ, ಮನುಷ್ಯರದಕ್ಕೆ ಕಟ್ಟಲ್ಲ. ಇದೇನು ಲ್ಯಾಬಾ, ದರ್ಜಿ ಅಂಗಡಿಯಾ ಅಂತ ಹೋದ ಸಲ ನೀವೇ ನಕ್ಕಿದ್ರಿ. ಎರಡೂ ಕರುವಿನದೇ ಆಗಿದ್ರೆ ಎರಡಕ್ಕೂ ದಾರ ಇರ್ಬೇಕಿತ್ತು.”

ಮುಖ್ಯಸ್ಥ ಬೋಳು ಟ್ಯೂಬನ್ನು ಬೆಳಕಿಗೆ ಹಿಡಿದು ತಿರುಗಿಸಿದ, ತಿರುಗಿಸುತ್ತಲೇ ಇದ್ದ. “ಹಾಗಾದ್ರೆ ಇದು ತಪ್ಪಲ್ಲ,” ಎಂದ ಮೆಲ್ಲಗೆ. “ವೈರಸ್ಸು ಪ್ರಾಣಿಯಿಂದ ಮನುಷ್ಯರಿಗೆ ದಾಟತ್ತೆ ಅನ್ನೋಕೆ ನಾಲ್ಕು ವರ್ಷದಿಂದ ನಾವೆಲ್ಲ ಹುಡುಕ್ತಿರೋ ಪುರಾವೆ ಇದೇ. ಈಗ ಮೊದಲು ಏನು ಮಾಡ್ಬೇಕು?”

ಪಶುವೈದ್ಯೆಯ ಕುರ್ಚಿ ಆಗಲೇ ಖಾಲಿಯಾಗಿತ್ತು. ಬಾಗಿಲ ಬಳಿ ಗಂಬೂಟು ಏರಿಸಿಕೊಳ್ಳುತ್ತ ಅವಳು ಕೂಗಿ ಹೇಳಿದಳು: “ಆ ಅಕ್ಕ ಆಸ್ಪತ್ರೇಲಿ ಹುಷಾರಾಗ್ತಿದ್ದಾರೆ. ಕರುವನ್ನ ಅವತ್ತೇ ಬೇರೆ ಕಟ್ಟಿಸಿದೀನಿ. ಅಕ್ಕಪಕ್ಕದಲ್ಲಿ ಇನ್ನೂ ಅರವತ್ತು ಕರು ಇವೆ ಸಾರ್. ನೀವು ಒಂದು ಉಂಡೆ ದಾರ ಕಳಿಸಿ.”