ಕೆಂಚನಕೆರೆಯ ಅಹವಾಲು ಸಭೆ

ಜನರ ಆಕ್ಷೇಪಣೆ ಮುಗಿಯುವವರೆಗೆ ಸರ್ಕಾರ ಯಾವ ಕೆರೆಯನ್ನೂ ಮುಚ್ಚುವಂತಿಲ್ಲ ಎಂಬ ಕಾನೂನು ಬಂದ ಮೇಲೆ, ಕೆಂಚನಕೆರೆಯವರು ಪಾಳಿ ಹಚ್ಚಿ ಮಾತಾಡತೊಡಗಿದರು. ಒಂದು ಗಂಟೆಯ ಕೆಲಸವೆಂದು ಬಂದಿದ್ದ ಅಧಿಕಾರಿ ಹಿರೇಮನಿ ಅಲ್ಲೇ ಮನೆ ಮಾಡಿ, ಆ ಊರಿನ ಹುಡುಗಿಯನ್ನೇ ಮದುವೆಯಾಗಿ, ವರ್ಷಗಟ್ಟಲೆ ಕೇಳುತ್ತ ಕೂತಿದ್ದರು.

ಆ ಮಧ್ಯಾಹ್ನ ಕಾಶವ್ವನ ಪಾಳಿ. ಕೆರೆಯ ಬಗ್ಗೆ ಹೇಳುವುದೆಲ್ಲ ಎಂದೋ ಮುಗಿದಿದ್ದರಿಂದ ಆಕೆ ನಾದಿನಿಯ ಮೇಲಿನ ದೂರು ಹಿಡಿದುಕೊಂಡಿದ್ದಳು.

"ಎಣ್ಣೆಗಾಯಿಗೆ ಬೆಲ್ಲ ಬಿಟ್ಟು ಸಕ್ಕರಿ ಹಾಕಿದ್ಲ್ರೀ ಸಾಹೇಬ್ರ! ನಾ ಕೇಳಿದ್ರ..."

ಅಷ್ಟರಲ್ಲಿ ಕೆಮ್ಮು ಒತ್ತರಿಸಿ ಬಂದು ಆಕೆಯ ದನಿಯೇ ಕಟ್ಟಿತು. ಮುಂದಿನ ಪಾಳಿಯ ಮಾಸ್ತರರು ಇನ್ನೂ ಬಂದಿರಲಿಲ್ಲ, ಸಭೆಯಲ್ಲಿ ಊರಿನ ಬೇರೆ ಯಾರೂ ಇರಲಿಲ್ಲ. ಅಧಿಕಾರಿ ಹತ್ತು ಎಣಿಸುವುದರೊಳಗೆ ಯಾರೂ ಮಾತಾಡದಿದ್ದರೆ ಸಭೆ ಮುಗಿದಂತೆ. ಮಣ್ಣು ತುಂಬಿದ ಲಾರಿಗಳು ಹೊರಗೇ ಕಾಯುತ್ತಿದ್ದವು. ಕಾಶವ್ವ ಕಣ್ಣಲ್ಲಿ ನೀರು ತುಂಬಿಕೊಂಡು ಬಾಯಿ ಬಾಯಿ ಬಿಟ್ಟಳು.

ಹಿರೇಮನಿ ಒಂದೊಂದಾಗಿ ಎಣಿಸುತ್ತ ಎಂಟಕ್ಕೆ ನಿಂತರು. ಎದ್ದು ಬಂದು ಆಕೆಯ ಕೈಯಿಂದ ಮೈಕು ತೆಗೆದುಕೊಂಡರು.

"ನಾನೂ ಈಗ ಈ ಊರಾಂವನ. ಇದ ಕೆರಿ ನೀರು ಕುಡೀತೀನಿ. ನಂದೂ ಒಂದು ಆಕ್ಷೇಪಣೆ ಐತಿ," ಎಂದು ಗಂಟಲು ಸರಿಮಾಡಿಕೊಂಡರು. "ಮೊದಲ ನಮ್ಮ ಮಾವನ ವಿಷಯ ಹೇಳ್ತೀನಿ. ಅದು ಲಗೂನ ಮುಗಿಯೂದಲ್ಲ."