ರುಚಿ ನೋಡಬಾರದ ಎರಡು ಎಲೆ

ಈ ಮದುವೆಯಲ್ಲಿ ಏನೋ ಒಂದು ಸರಿಯಿಲ್ಲ ಎಂದು ಪ್ರೇಮಾನಂದನಿಗೆ ಖಾತ್ರಿಯಾದದ್ದು, ಹೆಣ್ಣಿನ ತಾಯಿ ಸೀತು ಬಂಗುಡೆಯ ಚೂರನ್ನು ಲೋಟದ ನೀರಿನಲ್ಲಿ ತೊಳೆದು ಬಾಯಿಗಿಟ್ಟಾಗ.

ಕುಂದಾಪುರದ ಹೆದ್ದಾರಿ ಬದಿಯಲ್ಲಿ ಅವನು ಹೋಟೆಲು ತೆರೆದು ಎಂಟು ತಿಂಗಳು. ಅದಕ್ಕೆ ಮೊದಲು ಇಪ್ಪತ್ತೆರಡು ವರ್ಷ ಬೊಂಬಾಯಿಯ ಅಡುಗೆಮನೆಗಳಲ್ಲಿ ಬೆವರಿಳಿಸಿದವನು. ಅವನ ಮೀನಿನ ಗಸಿಯನ್ನು ಯಾರೂ ತೊಳೆದು ತಿಂದಿರಲಿಲ್ಲ.

ಮೊದಲು ಫೋನು ಮಾಡಿದ್ದು ಸೀತುವಿನ ಗಂಡ, ಉಪ್ಪುಂದದ ಸೂರ. "ನಮ್ದೊಂದ್ ಹೆಣ್ಣ್ ಇತ್ತ್. ಮದಿ ಮಾಡ್ಕ್. ಊಟ ನಿಮ್ದ್" ಎಂದಿದ್ದ.

ಪ್ರೇಮಾನಂದನ ಕಿವಿ ಒಂದು ಗಳಿಗೆ ಎಡವಿತು. ಬೊಂಬಾಯಿಯಲ್ಲಿ ಅವನ ಜತೆಗಿದ್ದವರೆಲ್ಲ ಘಟ್ಟದ ಮೇಲಿನವರು. ಅವರು ‘ಇತ್ತು’ ಎಂದರೆ ಅದು ಮುಗಿದ ಮಾತು. ಕುಂದಾಪುರದ ಬಾಯಲ್ಲಿ ‘ಇತ್ತ್’ ಎಂದರೆ ಈಗ ಇದೆ ಎಂದೇ ಅರ್ಥ. ಮುಗಿದದ್ದಕ್ಕೆ ‘ಇದ್ದಿತ್’ ಎಂಬ ಬೇರೆ ಮಾತುಂಟು. ಊರ ಭಾಷೆ ಮರೆತೇಹೋಯಿತಲ್ಲ ಎಂದು ತನ್ನಷ್ಟಕ್ಕೆ ನಕ್ಕು, ದಿನ ಯಾವುದು ಎಂದು ಕೇಳಿದ.

"ಆಸಾಡಿಯಂಗೆ."

ನಗು ಅಲ್ಲೇ ನಿಂತಿತು. ಆಸಾಡಿ ತಿಂಗಳಲ್ಲಿ ಈ ಕಡೆ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ. ಹಾಗೆ ಇಟ್ಟುಕೊಳ್ಳಬೇಕಾದರೆ ಏನೋ ಅವಸರವಿರಬೇಕು. ಹೆಣ್ಣಿನ ಕಡೆಯವರಿಗೆ ಅಂಥ ಅವಸರ ಯಾಕೆ ಬರುತ್ತದೆ ಎಂಬುದನ್ನು ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡ.

ಇವತ್ತು ಮೂವರು ರುಚಿ ನೋಡಲು ಬಂದಿದ್ದರು. ಒಂದು ಕಡೆ ಸೂರ, ಸೀತು. ಎದುರಿಗೆ ಬ್ರಹ್ಮಾವರದಿಂದ ಬಂದ ಗಂಡಿನ ತಾಯಿ ವನಜ. ಮದುಮಗ ಇಲ್ಲ, ಮದುಮಗಳೂ ಇಲ್ಲ.

"ಮುಖ ಕಂಡ್ ಹೊಗಳುದ್ ಬ್ಯಾಡ. ಇದ್ದದ್ದ್ ಇದ್ದಾಂಗ್ ಹೇಳಿ" ಎಂದ ಪ್ರೇಮಾನಂದ.

"ಗಸಿ ಅಡ್ಡಿಲ್ಲೆ" ಎಂದ ಸೂರ. "ಮೀನ್ ಮಾತ್ರ ಐಸಿನದ್ದ್. ಮಸಾಲಿ ಹೊದ್ಸಿ ಮಲಗ್ಸಿದ್ರಿ, ಮಾರಾಯ್ರೆ."

ವನಜ ಗಸಿಯಲ್ಲಿ ಬೆರಳಾಡಿಸಿ ನೋಡಿದಳು. "ಬಂಗ್ಡಿ ತಲಿ ಎಲ್ಲಿತ್ತ್? ನಮ್ಮ ರತನಂಗೆ ತಲಿಯೇ ಆಯ್ಕ್. ಖಾರವೂ ಸಾಕಾತಿಲ್ಲೆ. ಕಣ್ಣಂಗ್ ನೀರ್ ಬಂದ್ರೇ ಅವ್ನಿಗೆ ಉಂಡಾಂಗ್ ಆಪುದ್."

"ಹುಡುಗ ಎಂತ ಮಾಡ್ಕಂಡಿದ್ದ?"

"ಬೋಟಿಗ್ ಹೋಯಿದ."

ಪ್ರೇಮಾನಂದ ಹೊರಗೆ ನೋಡಿದ. ಮಳೆ ಸುರಿಯುತ್ತಿತ್ತು. ಈ ದಿನಗಳಲ್ಲಿ ಕಡಲಿಗೆ ಇಳಿಯುವ ಬೋಟು ಯಾವುದು? ಆದರೆ ಕೇಳಲಿಲ್ಲ. ಅವನ ಕಣ್ಣು ಸೀತುವಿನ ಮೇಲಿತ್ತು.

ಅವಳು ತೊಳೆದ ಮೀನನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡು, ಕಣ್ಣು ಮುಚ್ಚಿ, ತುಂಬ ಹೊತ್ತು ಕೂತಳು. ಕೊನೆಗೆ ತಲೆಯಾಡಿಸಿದಳು. "ಖಾರ. ಅವ್ಳಿಗ್ ಆಪುದಿಲ್ಲೆ."

ನೀರುದೋಸೆ ತಂದ. ಅದರ ಅಂಚು ಹರಿದು, ಬೆರಳಲ್ಲಿ ನುರಿದು ನುಂಗಿದಳು. "ಗಟ್ಟಿ ಆತ್ತ್."

ಹತ್ತಿಯಂಥ ದೋಸೆ ಗಟ್ಟಿಯೇ? ಅವನು ಹಲ್ಲು ಕಚ್ಚಿಕೊಂಡು ಪಾಯಸ ತಂದ. ಸೀತು ಗೋಡಂಬಿಯನ್ನು ಒಂದೊಂದಾಗಿ ಹೆಕ್ಕಿ ಪಕ್ಕಕ್ಕಿಟ್ಟಳು. "ಗಂಟಲಂಗ್ ಸಿಕ್ಕತ್ತ್." ಮತ್ತೆ ಒಂದು ಚಮಚ ಕುಡಿದು, "ಸೀಯೂ ಹೆಚ್ಚಾಯ್ತ್" ಎಂದಳು.

"ಅಬ್ಬಿ, ಬಡ್ಸುದ್ ನಲ್ವತ್ತ್ ಎಲಿಗೆ. ಒಬ್ಳಿಗೆ ಅಲ್ಲ" ಎಂದು ಪ್ರೇಮಾನಂದ ಸೀತುವಿಗೆ ಹೇಳಿದ.

"ನಲ್ವತ್ತ್ ಎಲಿಗೆ ನಿಮ್ಗೆ ಖುಷಿ ಬಂದದ್ದ್ ಬಡ್ಸಿ" ಎಂದಳು ಸೀತು. "ನಂಗೆ ಒಂದೇ ಎಲಿದ್ ಚಿಂತಿ. ನಾನ್ ಹೋಪುದ್ರೊಳಗೆ ಅವ್ಳಿಗೊಂದ್ ಮನಿ ಆಯ್ಕ್. ಹೋಪ ದಿನ ಹೊಟ್ಟಿ ತುಂಬ್ಸ್ಕಂಡ್ ಹೋಯ್ಕ್."

ಸೂರ ನಡುವೆ ಬಾಯಿ ಹಾಕಿದ. "ಮದ್ಮಕ್ಳ ಎಲಿ ಎರಡು ಬೇರೆಯೇ ಆಯ್ಕ್. ಅದಕ್ಕೆ ಮಾಡಿದ್ದನ್ನ ಆ ದಿನ ಯಾರೂ ರುಚಿ ಕಾಂಬುಕಾಗ. ಉಪ್ಪೂ ಕಾಂಬುಕಾಗ. ಅದ್ಕೇ ಇವತ್ತ್ ಬಂದದ್ದ್."

ರುಚಿ ನೋಡದೆ ಬಡಿಸುವ ಅಡುಗೆಯನ್ನು ಪ್ರೇಮಾನಂದ ಬೊಂಬಾಯಿಯಲ್ಲಿ ಕಂಡವನಲ್ಲ. ಏನೋ ಮನೆತನದ ಕ್ರಮವಿರಬೇಕೆಂದು ಪುಸ್ತಕ ತೆರೆದ. "ಹುಡುಗಿ ಹೆಸ್ರ್?"

ಸೀತು ಹೊಸ ಸೀರೆಯ ನೆರಿಗೆ ಮುಟ್ಟಿ ನೋಡುವವಳ ಹಾಗೆ ಮೆಲ್ಲಗೆ ಹೇಳಿದಳು: "ಪ್ರೇಕ್ಷಾ."

ಸೂರ ತಿರುಗಿ ಹೆಂಡತಿಯ ಮುಖ ನೋಡಿದ. ಆ ಹೆಸರನ್ನು ಅವನು ಇದೇ ಮೊದಲು ಕೇಳಿದಂತಿತ್ತು.

"ಪ್ರಾಯ?"

"ಈ ಆಸಾಡಿಗೆ ಮೂವತ್ತೊಂದ್."

ಪ್ರೇಮಾನಂದ ಪೆನ್ನು ಕೆಳಗಿಟ್ಟ. ಮೂವತ್ತೊಂದು ವರ್ಷದ ಮಗಳು. ಅವಳಿಗೆ ಏನು ಇಷ್ಟ ಎಂಬುದು ಹೆತ್ತವಳಿಗೆ ಗೊತ್ತಿಲ್ಲ. ಗಂಡಿನ ತಾಯಿಯಾದರೆ ಮಗನ ಬಂಗುಡೆ ತಲೆಯ ತನಕ ಹೇಳುತ್ತಾಳೆ. ಇವಳು ಮಗಳನ್ನು ಯಾರ ಮನೆಯಲ್ಲಿ ಬಿಟ್ಟು ಬೆಳೆಸಿದಳೋ.

"ಅಬ್ಬಿ, ಬೇಜಾರ್ ಮಾಡ್ಬ್ಯಾಡಿ. ನಿಮ್ಗೆ ಗೊತ್ತಿಲ್ದಿದ್ರೆ ನಾಳೆ ಅವ್ಳನ್ನೇ ಕಳ್ಸಿ. ಎಂತ ಆಯ್ಕ್ ಅಂದೇಳಿ ಅವ್ಳೇ ಹೇಳ್ಲಿ. ಅವ್ಳಿಗೂ ಒಂದ್ ಬಾಯಿ ಇತ್ತಲೆ?"

ಸೂರನ ಕೈ ಎಲೆಯ ಮೇಲೆ ನಿಂತಿತು. ವನಜ ಮೇಜಿನ ಆಚೆಯಿಂದ ಕೈ ಚಾಚಿ ಸೀತುವಿನ ಮೊಣಕೈ ಹಿಡಿದಳು. ಅದು ಎಂಜಲ ಕೈ ಎಂಬುದು ಇಬ್ಬರಿಗೂ ನೆನಪಾಗಲಿಲ್ಲ.

"ಹೇಳ್ಬಿಡಿ, ಸೀತಕ್ಕ" ಎಂದಳು ವನಜ. ಆಮೇಲೆ ತಾನೇ ಪ್ರೇಮಾನಂದನ ಕಡೆ ತಿರುಗಿದಳು. "ನಮ್ಮ ರತನ್ ಹೋದ ಬೋಟ್ ವಾಪಾಸ್ ಬಂತ್. ಅವ ಬರ್ಲ. ಹನ್ನೆರಡ್ ವರ್ಷ ಆಯ್ತ್. ಮದಿ ಆಗ್ದೇ ಸತ್ತ ಮಕ್ಳಿಗೂ ಒಂದ್ ಮದಿ ಮಾಡ್ಕಲೆ, ನಮ್ಮ ಜೀವ ಇಪ್ಪತಿಗೆ."

ಸೀತು ಲೋಟದ ತಳದಲ್ಲಿ ಉಳಿದಿದ್ದ ಮಸಾಲೆಯ ನೀರನ್ನೇ ನೋಡುತ್ತಿದ್ದಳು.

"ಹನ್ನೊಂದ್ ದಿನ ಇದ್ದಿತ್" ಎಂದಳು. "ನನ್ನ ಹಾಲ್ ಬಿಟ್ರೆ ಬೇರೆ ರುಚಿಯೇ ಕಾಣ್ಲ. ಅದ್ರ ಎಲಿಗೆ ಎಂತ ಬಡ್ಸುದ್, ನೀವೇ ಹೇಳಿ."