ಮೂವತ್ತಮೂರು ಚಾಪೆ

ದೀಪಾವಳಿ ಕಳೆದು ಬಿಸಿಲು ಗಟ್ಟಿಯಾಗುತ್ತಲೇ ಕಡಬದ ಸುತ್ತ ಕೆಂಪುಕಲ್ಲು ಕಡಿಯುವ ಸದ್ದು ಮತ್ತೆ ಶುರುವಾಗಿತ್ತು. ಆಣೆ ಹೋಗಿ ನಯಾಪೈಸೆ ಬಂದ ವರ್ಷ ಅದು. ಒಣಮೀನಿನ ಮೂಸಕುಂಞಿಯ ಹುಲ್ಲುಮನೆಯ ಪಕ್ಕದಲ್ಲಿ, ಮಟ್ಟ ಮಾಡಿದ ಜಾಗದಲ್ಲಿ ಪುತ್ತೂರಿನ ಕಂತ್ರಾಟುದಾರ ಪ್ರೇಮನಾಥ ಗೂಟ ಹೊಡೆದು ಹುರಿ ಎಳೆಯುತ್ತಿದ್ದ. ಮೂಸಕುಂಞಿಯ ಹೆಂಡತಿ ಆಯಿಶಮ್ಮ ಮಳೆಗಾಲವಿಡೀ ಕೂತು ನೆಯ್ದ ಮುಂಡೇವಿನ ಎಲೆಯ ಚಾಪೆಗಳನ್ನು ಒಂದೊಂದಾಗಿ ಬಿಸಿಲಿಗೆ ಹಾಕುತ್ತಿದ್ದಳು. ಕಣ್ಣು ಮಾತ್ರ ಹುರಿಯ ಮೇಲಿತ್ತು.

"ಚದರಡಿಗೆ ಎಂಟು ರೂಪಾಯಿ ಸಾಹೇಬ್ರೆ. ನಿಮ್ಮ ನಾಲ್ಕು ಸಾವಿರಕ್ಕೆ ಐನೂರು ಚದರಡಿ. ಇಪ್ಪತ್ತೈದು ಉದ್ದ, ಇಪ್ಪತ್ತು ಅಗಲ" ಎಂದ ಪ್ರೇಮನಾಥ.

ಮೂಸಕುಂಞಿ ತಲೆಯಾಡಿಸಿದ. ಉಪವಾಸದ ತಿಂಗಳು ಮುಗಿದು ಬರುವ ಶವ್ವಾಲಿನಲ್ಲಿ ಮಗಳು ಮೈಮೂನಾಳ ನಿಕಾಹ್. ಮದುವೆಯ ಮೇಲೂ ಹುಡುಗಿ ಇಲ್ಲೇ ಇರುವವಳು. ಗುಂಡ್ಯದಲ್ಲಿ ಚಾ ಹೋಟೆಲಿಟ್ಟ ಮದುಮಗ ವಾರಕ್ಕೆರಡು ರಾತ್ರಿ ಬಂದು ಹೋಗುವವನು. ಅವನಿಗೆ ನಾಲ್ಕು ಗೋಡೆ, ಚಿಲಕವಿರುವ ಬಾಗಿಲಿನ ಒಂದು ಕೋಣೆ ಆಗಲೇಬೇಕೆಂದು ಗುಂಡ್ಯದವರು ಬಾಯಿಬಿಟ್ಟೇ ಹೇಳಿ ಹೋಗಿದ್ದರು. ಅದಿಲ್ಲದಿದ್ದರೆ ಮಾತು ಮುರಿದ ಹಾಗೆಯೇ.

ಆಯಿಶಮ್ಮ ತಲೆಯ ಮೇಲಿನ ಬಟ್ಟೆ ಮುಂದಕ್ಕೆಳೆದುಕೊಂಡು ಹತ್ತಿರ ಬಂದಳು. "ಈ ಚಾಪೆ ಎಷ್ಟು ಚದರಡಿ ಆಗ್ತದೆ, ನೋಡಿ ಹೇಳಿ."

ಪ್ರೇಮನಾಥ ನಗುತ್ತಲೇ ಟೇಪು ಹಿಡಿದ. ಆರಡಿ ಉದ್ದ, ಎರಡೂವರೆ ಅಗಲ. "ಹದಿನೈದು."

"ಅಂದರೆ ನೂರ ಇಪ್ಪತ್ತು ರೂಪಾಯಿ! ನಾನು ನಾಲ್ಕು ದಿನ ಕೂತು ನೆಯ್ದ ಚಾಪೆಗೆ ಒಂದೂವರೆ. ಅದರ ಅಡಿಯ ನೆಲಕ್ಕೆ ನೂರ ಇಪ್ಪತ್ತಾ ಮಾರಾಯ್ರೆ?"

ಅವಳು ಅಷ್ಟಕ್ಕೇ ಬಿಡಲಿಲ್ಲ. ಚಾಪೆಗಳನ್ನು ತಂದು ಹುರಿಯೊಳಗೆ ಅಂಚಿಗೆ ಅಂಚು ಕೂಡಿಸಿ ಹಾಸತೊಡಗಿದಳು. ಮೈಮೂನಾ ಒಂದು ತುದಿ ಹಿಡಿದಳು. ಸರಿಯಾಗಿ ಮೂವತ್ತಮೂರು ಚಾಪೆಗೆ ಜಾಗ ತುಂಬಿತು. ಆಯಿಶಮ್ಮ ಸೊಂಟಕ್ಕೆ ಕೈಕೊಟ್ಟು ನಿಂತು ನೋಡಿದಳು. ಮನೆ ಎಂದರೆ ಇಷ್ಟು ಎಂದು ಅವಳಿಗೆ ಕಣ್ಣಾರೆ ಕಂಡದ್ದು ಆಗಲೇ.

"ಇನ್ನು ಗೋಡೆಯ ಜಾಗದ ಚಾಪೆ ತೆಗೆಯಿರಿ" ಎಂದು ಪ್ರೇಮನಾಥ ಹುರಿಯ ಒಳಮಗ್ಗುಲಿಗೆ ಸಾಲಾಗಿ ಕಲ್ಲಿಡುತ್ತಾ ಹೋದ. ಸುತ್ತಲಿನ ಗೋಡೆ, ನಡುವಿನ ಗೋಡೆಗಳು. ಒಂದೂಕಾಲು ಅಡಿ ದಪ್ಪ. ಅಲ್ಲಿ ಇಲ್ಲಿ ಮಡಚಿ, ಎಳೆದು, ಎತ್ತಿ, ಕೊನೆಗೆ ಲೆಕ್ಕ ಮಾಡಿದರೆ ಹತ್ತು ಚಾಪೆ ಹೊರಗೆ ಬಿದ್ದಿದ್ದವು.

"ಗೋಡೆಯ ಅಡಿಯ ನೆಲಕ್ಕೂ ದುಡ್ಡಾ?" ಎಂದ ಮೂಸಕುಂಞಿ.

"ಅಳತೆ ಹೊರಗಿನಿಂದಲೇ ಹಿಡಿಯುದು ಸಾಹೇಬ್ರೆ. ಊರಲ್ಲೆಲ್ಲ ಹಾಗೇ."

ಉಳಿದ ಇಪ್ಪತ್ತಮೂರರಲ್ಲಿ ಮದುಮಗನ ಕೋಣೆ, ಅಡಿಗೆಮನೆ, ಚಾವಡಿ. ಆಯಿಶಮ್ಮ ಎಲ್ಲದರಲ್ಲೂ ಒಮ್ಮೆ ಕೂತು ನೋಡಿ ಎದ್ದಳು. "ನಾನು ಎಲ್ಲಿ ಕೂತು ನೆಯ್ಯುದು? ಚಾವಡಿಯಲ್ಲಿ ಗಂಡಸರು ಬಂದು ಕೂರ್ತಾರೆ. ಚಾಪೆ ನೆಯ್ಯುದು ನಿಂತರೆ ಒಲೆಯ ಮೇಲೆ ಎಂತ ಇಡುದು?" ಮತ್ತೆ ಪ್ರೇಮನಾಥನ ಕಡೆ ತಿರುಗಿ ಕೇಳಿದಳು: "ಜಗಲಿಗೂ ಎಂಟೇ?"

"ಜಗಲಿಗೆ ಅರ್ಧ. ನಾಲ್ಕು. ಗೋಡೆ ಇಲ್ಲವಲ್ಲ."

"ಹಾಗಾದರೆ ಕೋಣೆ ಎರಡೇ ಸಾಕು. ಮದುಮಗನದ್ದೊಂದು, ಅಡಿಗೆಯದ್ದೊಂದು. ಉಳಿದದ್ದೆಲ್ಲ ಜಗಲಿ ಮಾಡಿ. ಮುಂದೆ ಒಂದು ಇವರಿಗೆ, ಹಿಂದೆ ಒಂದು ನನಗೆ."

"ಯಾ ಅಲ್ಲಾ, ಚಾವಡಿ ಇಲ್ಲದ ಮನೆಯಾ? ಗುಂಡ್ಯದವರು ಎಂತ ಹೇಳಿಯಾರು?" ಎಂದ ಮೂಸಕುಂಞಿ.

"ಅವರು ಕೇಳಿದ್ದು ಕೋಣೆ. ಚಾವಡಿ ಕೇಳಿದರಾ?"

ಪ್ರೇಮನಾಥ ತಲೆ ತುರಿಸಿಕೊಂಡ. "ಜಗಲಿ ಅಂದರೆ ನಾಲ್ಕೈದು ಅಡಿ ಅಗಲ ಆಯಿಶಮ್ಮ. ನೀವು ಹೇಳುವುದು ಜಗಲಿಯಾ, ಸಂತೆಮಾಳವಾ?"

"ಅಗಲ ಎಷ್ಟೂಂತ ನೀವು ಹೇಳ್ಲಿಲ್ಲ. ದರ ಹೇಳಿದ್ರಿ."

ಚೌಕಾಸಿ ನಡೆದು ಎಂಟಡಿ ಅಗಲಕ್ಕೆ ಬಂದು ನಿಂತಿತು. ಪ್ರೇಮನಾಥ ಗೂಟ ಕಿತ್ತು ಮತ್ತೆ ಹೊಡೆದ. ಕೋಣೆ ಎರಡು ಪಕ್ಕಪಕ್ಕದಲ್ಲಿ, ಹಿಂದೆ ಮುಂದೆ ಇಪ್ಪತ್ತಡಿ ಉದ್ದದ ಜಗಲಿ. ಕೋಣೆಗಳಿಗೆ ಮುನ್ನೂರ ನಲವತ್ತು ಚದರಡಿ, ಜಗಲಿಗಳಿಗೆ ಮುನ್ನೂರ ಇಪ್ಪತ್ತು; ಒಟ್ಟು ನಾಲ್ಕು ಸಾವಿರವೇ. ತಾಯಿ ಮಗಳು ಮತ್ತೆ ಹಾಸಿದರು. ಈ ಸಲ ಮೂವತ್ತಮೂರೂ ಹಾಸಿ ಮುಗಿದ ಮೇಲೂ ಹಿಂದಿನ ಜಗಲಿಯ ತುದಿಯಲ್ಲಿ ನೆಲ ಉಳಿದಿತ್ತು. ಆಯಿಶಮ್ಮ ಆ ಬರಿ ನೆಲದ ಮೇಲೆ ನಿಂತು ತಲೆಬಟ್ಟೆಯ ತುದಿಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಪ್ರೇಮನಾಥನಿಗೂ ನಗು ತಡೆಯಲಾಗಲಿಲ್ಲ.

ಮೈಮೂನಾ ಮಾತ್ರ ಮದುಮಗನ ಕೋಣೆಯ ನಡುವೆ, ಕಲ್ಲಿನ ಗುರುತುಗಳ ಒಳಗೆ ಕೂತಿದ್ದಳು. ಅಲ್ಲಿಂದಲೇ ಕೇಳಿದಳು: "ಉಮ್ಮಾ, ಇದಕ್ಕೆ ಕಿಟಕಿ ಉಂಟಾ?"

"ಒಂದು ಉಂಟು, ಹೊರಗಿನ ಕಡೆಗೆ" ಎಂದ ಪ್ರೇಮನಾಥ.

"ಹಿಂದಿನ ಜಗಲಿಯ ಕಡೆಗೆ ಇನ್ನೊಂದು ಆಗ್ತದಾ?"

"ಅದಕ್ಕೆ ಮರ, ಸರಳು, ಕೂಲಿ ಎಲ್ಲ ಸೇರಿ ಬೇರೆ ಹದಿನೆಂಟು ರೂಪಾಯಿ."

"ಬೇಡ ಬೇಡ" ಎಂದ ಮೂಸಕುಂಞಿ. "ವಾರಕ್ಕೆರಡು ರಾತ್ರಿ ಬರುವವನಿಗೆ ಎರಡು ಕಿಟಕಿ ಯಾಕೆ?"

"ಉಳಿದ ದಿನ ನಾನೇ ಅಲ್ವಾ ಬಾಪಾ ಇದರೊಳಗೆ" ಎಂದಳು ಮೈಮೂನಾ.

ಆಯಿಶಮ್ಮನ ನಗು ನಿಂತಿತು. ಅಂಗುಲ ಅಂಗುಲಕ್ಕೂ ಜಗಳಾಡಿದವಳು ಈ ಹದಿನೆಂಟಕ್ಕೆ ಚೌಕಾಸಿ ಮಾಡಲಿಲ್ಲ. "ಇಡಿ. ದುಡ್ಡು ಈಗ ಇಲ್ಲ, ಬಾಕಿ ಬರೆದುಕೊಳ್ಳಿ. ಇವರ ಹೆಸರಿಗೆ ಬೇಡ. ನನ್ನ ಹೆಸರಿಗೆ."

ಪ್ರೇಮನಾಥನ ಪುಸ್ತಕದಲ್ಲಿ ಅದುವರೆಗೆ ಹೆಂಗಸಿನ ಹೆಸರೊಂದಿರಲಿಲ್ಲ. ಅವನು ಒಮ್ಮೆ ಮೂಸಕುಂಞಿಯ ಮುಖ ನೋಡಿ, ಪೆನ್ಸಿಲಿನ ಮೊನೆಯನ್ನು ನಾಲಗೆಗೆ ತಾಗಿಸಿಕೊಂಡು ಕೇಳಿದ: "ಹೇಗೆ ಬರೆಯುದು? ಮೂಸಕುಂಞಿಯವರ ಹೆಂಡತಿ ಅಂತಲಾ?"

"ಚಾಪೆಯ ಆಯಿಶಮ್ಮ ಅಂತ ಬರೆಯಿರಿ" ಎಂದಳು ಅವಳು. "ಆ ಹೆಸರಿನವಳು ಇನ್ನೂ ಯಾರಿಗೂ ಬಾಕಿ ಇಟ್ಟದ್ದಿಲ್ಲ."